ಬೇಕಾದ ತೂತು, ಬೇಡದ ತೂತು

(ಮಂಡ್ಯದಲ್ಲಿ ಅಕ್ಕಿ ಗಿರಣಿ ಮಾಲೀಕರು ಮತ್ತು ಬಾಯ್ಲರ್ ನೋಡಿಕೊಳ್ಳುವವರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. 1981ರ ವಾಯು ಕಾಯ್ದೆ, ಅದರ 21ನೇ ಕಲಮು, ಕಟ್ಟುವುದಕ್ಕೊಂದು ಸಮ್ಮತಿ, ನಡೆಸುವುದಕ್ಕೊಂದು ಸಮ್ಮತಿ. ಇದನ್ನೆಲ್ಲ ನಿಮಗೆ ಹೇಳಹೊರಟರೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನವರಿಗೆ ನೀರು ತೋರಿಸಿದ ಹಾಗಾಗುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಪತ್ರ ಹೆಚ್ಚಿನ ಗಿರಣಿಗಳ ಆಫೀಸಿನಲ್ಲಿ ಇದ್ದೇ ಇರುತ್ತದೆ. ಕಟ್ಟು ಹಾಕಿಸಿ, ಲಕ್ಷ್ಮಿ ಫೋಟೊ ಪಕ್ಕದಲ್ಲಿ. ಕಷ್ಟ ಏನೆಂದರೆ, ಕಟ್ಟಿನೊಳಗೆ ಕಾಣುವುದು ಮೊದಲ ಹಾಳೆ. ಷರತ್ತುಗಳಿರುವುದು ಅದರ ಬೆನ್ನಿಗಿರುವ ಹಾಳೆಗಳಲ್ಲಿ.

ಇವತ್ತು ಆರು ವಿಷಯ ಬರೆದುಕೊಂಡು ಬಂದಿದ್ದೇನೆ. ಎರಡು ತೂತಿನ ಮಾತು ಮುಗಿದರೆ ಸಾಕು ಅನ್ನಿಸುತ್ತಿದೆ.

ಮೊದಲನೆಯದು ಬೇಕಾದ ತೂತು. ಚಿಮಣಿಯಿಂದ ಹೊಗೆಯ ಮಾದರಿ ತೆಗೆಯುವ ಜಾಗ. ಸಾಮಾನ್ಯವಾಗಿ ಆಗುವುದು ಹೀಗೆ: ಚಿಮಣಿ ನಿಂತು, ಬಣ್ಣ ಬಳಿದು, ಪೂಜೆಯೂ ಆದಮೇಲೆ ಯಾರಿಗೋ ನೆನಪಾಗುತ್ತದೆ. ವೆಲ್ಡರ್ ಬರುತ್ತಾನೆ. "ಎಲ್ಲಿ ಹಾಕ್ಲಿ ಅಣ್ಣ?" "ಕೈಗೆ ಎಟುಕೋ ಕಡೆ ಹಾಕಪ್ಪ." ಅವನು ನೆಲದಲ್ಲೇ ನಿಂತು ಎದೆಮಟ್ಟಕ್ಕೆ ಕೊರೆಯುತ್ತಾನೆ. ಅಲ್ಲಿ ಐ.ಡಿ. ಫ್ಯಾನಿನಿಂದ, ಅಂದರೆ ಬಾಯ್ಲರಿನ ಹೊಗೆ ಎಳೆದು ಚಿಮಣಿಗೆ ತಳ್ಳುವ ಫ್ಯಾನಿನಿಂದ, ಬಂದ ಗಾಳಿ ಆಗತಾನೇ ತಿರುಗಿ ಸುಳಿಯುತ್ತಿರುತ್ತದೆ. ಒಂದು ಪಕ್ಕ ಬಿರುಸು, ಇನ್ನೊಂದು ಪಕ್ಕ ಸತ್ತ ಗಾಳಿ. ಮಾದರಿಗಾಗಿ ತೂತಿನೊಳಗೆ ತೂರಿಸುವ ನಳಿಕೆಯ ತುದಿಯಲ್ಲಿ ಎಳೆಯುವ ವೇಗವೂ ಚಿಮಣಿಯೊಳಗಿನ ಹೊಗೆಯ ವೇಗವೂ ಒಂದೇ ಇರಬೇಕು. ನಿಧಾನ ಎಳೆದರೆ ಗಾಳಿ ಪಕ್ಕಕ್ಕೆ ಸರಿದು, ಭಾರದ ಕಣ ಮಾತ್ರ ನೇರ ಒಳಗೆ ನುಗ್ಗುತ್ತದೆ, ದೂಳು ಇದ್ದದ್ದಕ್ಕಿಂತ ಜಾಸ್ತಿ ತೋರುತ್ತದೆ. ಜೋರಾಗಿ ಎಳೆದರೆ ಕಡಿಮೆ ತೋರುತ್ತದೆ. ಸುಳಿಯಲ್ಲಿ ವೇಗವೇ ಸಿಗದಿದ್ದರೆ ಲ್ಯಾಬಿನ ಹುಡುಗ ಏನು ಮಾಡಬೇಕು, ಕಣಿ ಹೇಳಬೇಕೇ?

ಲೆಕ್ಕ ಬರೆದುಕೊಳ್ಳಿ. ಹೊಗೆ ತಿರುಗುವ ಜಾಗದಿಂದ ಚಿಮಣಿಯ ವ್ಯಾಸದ ಎಂಟರಷ್ಟು ಮೇಲೆ, ತುದಿಯಿಂದ ಎರಡರಷ್ಟು ಕೆಳಗೆ. ಚಿಮಣಿ 12 ಮೀಟರ್, ಒಳವ್ಯಾಸ 60 ಸೆಂಟಿಮೀಟರ್, ಹೊಗೆ ತರುವ ಡಕ್ಟ್ ಬಂದು ಸೇರುವುದು 2 ಮೀಟರ್ ಎತ್ತರದಲ್ಲಿ ಎಂದಿಟ್ಟುಕೊಳ್ಳಿ. ಎಂಟರಷ್ಟು ಎಂದರೆ 4.8. ಹಾಗಾಗಿ 6.8 ಮೀಟರಿಗಿಂತ ಮೇಲೆ, 10.8ಕ್ಕಿಂತ ಕೆಳಗೆ. ಒಂದಲ್ಲ, ಎರಡು ತೂತು, ಒಂದಕ್ಕೊಂದು ಲಂಬಕೋನದಲ್ಲಿ. ಜೊತೆಗೆ ಏಣಿ, ಕಟಕಟೆ ಇರುವ ಅಟ್ಟಣೆ, ಮೇಲೊಂದು ಪ್ಲಗ್ ಪಾಯಿಂಟ್. ಚಿಮಣಿ ತೆಂಗಿನಮರವಲ್ಲ ಸ್ವಾಮಿ, ಪಂಪು ಹೆಗಲಿಗೇರಿಸಿಕೊಂಡು ತಬ್ಬಿಕೊಂಡು ಹತ್ತುವುದಕ್ಕೆ. ಹಿಂದಿನ ಸಾಲಿನವರು ನಗುತ್ತಿದ್ದೀರಿ, ನಿಮ್ಮ ತೂತು ಎಷ್ಟು ಎತ್ತರದಲ್ಲಿದೆ ಅಂತ ಕೇಳುವುದಿಲ್ಲ ಬಿಡಿ.

ಇದೆಲ್ಲ ಸ್ಥಾಪನಾ ಸಮ್ಮತಿಗೆ, ಅಂದರೆ ಕಟ್ಟುವ ಸಮ್ಮತಿಗೆ, ಕೊಡುವ ನಕ್ಷೆಯಲ್ಲೇ ಬರಬೇಕು. ಕಾಗದದ ಮೇಲೆ ಅದು ಪೆನ್ಸಿಲ್ ಗೆರೆ. ಚಿಮಣಿ ನಿಂತಮೇಲೆ ಕ್ರೇನು, ವೆಲ್ಡರ್, ಸುಗ್ಗಿಯಲ್ಲಿ ನಿಂತ ಗಿರಣಿ.

ಇನ್ನು ಬೇಡದ ತೂತು. ನೂರು ಕಿಲೊ ಭತ್ತಕ್ಕೆ ಸುಮಾರು 20 ಕಿಲೊ ಹೊಟ್ಟು, ಅದು ಉರಿದರೆ ನಾಲ್ಕು ಕಿಲೊ ಬೂದಿ. ಆ ಬೂದಿಯಲ್ಲಿ ಬಹುಪಾಲು ಸಿಲಿಕಾ. ಉಪ್ಪುಕಾಗದದಂತೆ ಉಜ್ಜುತ್ತದೆ. ಸೈಕ್ಲೋನಿನಲ್ಲಿ, ಅಂದರೆ ಹೊಗೆಯನ್ನು ಸುತ್ತಿಸಿ ಬೂದಿ ಬೇರ್ಪಡಿಸುವ ಡಬ್ಬದಲ್ಲಿ, ಮೊದಲು ಸವೆಯುವುದು ಹೊಗೆ ಒಳಬಂದು ಬಡಿಯುವ ತಿರುವು. ಆಮೇಲೆ ಬುಡದ ಏರ್‌ಲಾಕಿನ (ಬೂದಿ ಹೊರಗೆ ಬಿಟ್ಟು ಗಾಳಿ ತಡೆಯುವ ಬಾಗಿಲಿನ) ರಬ್ಬರ್. ಐ.ಡಿ. ಫ್ಯಾನು ಆಚೆಯಿಂದ ಎಳೆಯುವುದರಿಂದ ಸೈಕ್ಲೋನಿನ ಒಳಗೆ ಒತ್ತಡ ಹೊರಗಿಗಿಂತ ಕಡಿಮೆ. ರಬ್ಬರ್ ಹರಿದರೆ ಬೂದಿ ಹೊರಗೆ ಬೀಳುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ಕೆಳಗೆ ಕೂತ ಬೂದಿಯನ್ನೇ ಎಬ್ಬಿಸಿ ಚಿಮಣಿಗೆ ಕಳಿಸುತ್ತದೆ. ಹೊರಗಡೆ ಚೊಕ್ಕಟವಾಗಿ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಇದರ ಮೇಲೆ ಇನ್ನೊಂದು ಪೆಟ್ಟು. ಒಳಗೆ ನುಗ್ಗಿದ ಗಾಳಿ ಹೊಗೆಯನ್ನು ತೆಳು ಮಾಡುತ್ತದೆ, ಡೈಆಕ್ಸೈಡಿನ ಪಾಲು ಇಳಿಯುತ್ತದೆ. ಬಾಯ್ಲರ್ ಹೊಗೆಯ ದೂಳನ್ನು ಶೇ. 12 ಇಂಗಾಲದ ಡೈಆಕ್ಸೈಡಿಗೆ ಹೊಂದಿಸಿ ಲೆಕ್ಕ ಹಾಕುತ್ತಾರೆ. ಹಾಲಿಗೆ ನೀರು ಬೆರೆಸಿದರೆ ಡೈರಿಯಲ್ಲಿ ಲ್ಯಾಕ್ಟೋಮೀಟರ್ ಹಿಡಿಯುವುದಿಲ್ಲವೇ, ಹಾಗೆ. ನಿಮ್ಮ ಪತ್ರದಲ್ಲಿ ಮಿತಿ ಘನ ಮೀಟರ್ ಹೊಗೆಗೆ 150 ಮಿಲಿಗ್ರಾಂ ದೂಳು ಎಂದಿಟ್ಟುಕೊಳ್ಳಿ. ಅಳತೆ 110 ಬಂತು, ಪಾಸು ಎಂದು ಖುಷಿಪಟ್ಟಿರಿ. ಆದರೆ ಹೊಗೆಯಲ್ಲಿ ಡೈಆಕ್ಸೈಡ್ ಇದ್ದದ್ದು ಶೇ. 8. 110ನ್ನು 12ರಿಂದ ಗುಣಿಸಿ 8ರಿಂದ ಭಾಗಿಸಿ: 165. ಫೇಲು. ಗಾಳಿ ಬೆರೆಸಿ ತಪ್ಪಿಸಿಕೊಳ್ಳುವ ದಾರಿಯನ್ನು ನಿಯಮ ಮೊದಲೇ ಮುಚ್ಚಿದೆ.

ಪತ್ತೆ ಮಾಡುವುದಕ್ಕೆ ದುಬಾರಿ ಸಾಮಾನು ಬೇಡ. ಮೈಸೂರಿನ ಊದುಬತ್ತಿ ಸಾಕು. ಫ್ಯಾನು ಓಡುತ್ತಿರುವಾಗ ಏರ್‌ಲಾಕ್, ಬೂದಿ ಬಾಗಿಲು, ಕೊಳವೆ ಜೋಡಿಸುವ ಫ್ಲೇಂಜುಗಳ ಸುತ್ತ ಹಿಡಿದುಕೊಂಡು ಬನ್ನಿ. ಹೊಗೆ ಎಲ್ಲಿ ಒಳಗೆ ಎಳೆದುಕೊಳ್ಳುತ್ತದೋ ಅಲ್ಲಿ ತೂತು. ಸೀಮೆಸುಣ್ಣದಲ್ಲಿ ಗುರುತು ಹಾಕಿ, ಬಾಯ್ಲರ್ ಆರಿಸಿದಮೇಲೆ ಪ್ಯಾಕಿಂಗ್ ಬದಲಿಸಿ. ಸುತ್ತಲಿನ ಹೊಟ್ಟು ಗುಡಿಸಿ ಆಮೇಲೆ ಬತ್ತಿ ಹಚ್ಚಿ, ದಯವಿಟ್ಟು.

ಚೀಟಿ ಬಂತು, ಹತ್ತು ನಿಮಿಷವಂತೆ. ಸರಿ, ಓಡಿಸುತ್ತೇನೆ. ಜನರೇಟರಿನ ಹೊಗೆ ಕೊಳವೆಯ ಎತ್ತರ: ಕಟ್ಟಡದ ಎತ್ತರಕ್ಕೆ, ಜನರೇಟರಿನ ಸಾಮರ್ಥ್ಯದ (ಕೆ.ವಿ.ಎ.) ವರ್ಗಮೂಲದ 0.2ರಷ್ಟು ಮೀಟರ್ ಸೇರಿಸಿ, 100 ಕೆ.ವಿ.ಎ.ಗೆ ಎರಡು ಮೀಟರ್. ಅರ್ಜಿಗೆ ಮಂಡಳಿ ತೀರ್ಮಾನ ಕೊಡಬೇಕಾದ ಅವಧಿ ನಾಲ್ಕು ತಿಂಗಳು. ಆದೇಶ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ 30 ದಿನ, 31ನೇ ಕಲಮು. ಬಾಯ್ಲರ್ ದೊಡ್ಡದು ಮಾಡಿದರೆ ಹಳೇ ಪತ್ರ ನಡೆಯುವುದಿಲ್ಲ. ಒದ್ದೆ ಹೊಟ್ಟಿನ ವಿಷಯ ಉಳಿದೇಹೋಯಿತು.

ಹೊಸ ಬಾಯ್ಲರಿನ ನಕ್ಷೆ ತಂದವರು ಊಟಕ್ಕೆ ಮೊದಲು ಈ ಮೇಜಿನ ಹತ್ತಿರ ಬನ್ನಿ. ಪೆನ್ಸಿಲ್ ನನ್ನ ಹತ್ತಿರ ಇದೆ.