ರೈಲಿಗೊಂದು ಕರ್ವ್, ಹಾವಿಗೊಂದು ಕರ್ವ್

ಪ್ರಿಯ ಕೇಳುಗರೇ, ನಮಸ್ಕಾರ.

ಕಂಪ್ಯೂಟರ್ ಅನಿಮೇಷನ್‌ನಲ್ಲಿ ಹಾವು ಹರಿಯುವುದನ್ನು, ರೈಲು ತಿರುವು ದಾಟುವುದನ್ನು ನೀವೆಲ್ಲ ನೋಡಿರುತ್ತೀರಿ. ಎರಡಕ್ಕೂ ದಾರಿ ಹಾಕಿಕೊಡುವುದು ಒಂದು ವಕ್ರರೇಖೆ. ಈ ಕೆಲಸದಲ್ಲಿರುವವರು ಅದನ್ನು ಕರ್ವ್ ಅಂತಲೇ ಕರೆಯುತ್ತಾರೆ. ಸಿದ್ಧವಾದ ದೃಶ್ಯದಲ್ಲಿ ಅದು ಕಾಣುವುದಿಲ್ಲ. ಈ ಕರ್ವ್ ರೈಲಿಗೆ ಮಾಡುವ ಕೆಲಸ ಒಂದು, ಹಾವಿಗೆ ಮಾಡುವ ಕೆಲಸವೇ ಬೇರೆ. ಹೊಸದಾಗಿ ಕಲಿಯುವವರು ಎಡವುವುದು ಇಲ್ಲೇ.

ರೈಲಿನ ಬೋಗಿ ತಿರುವಿನಲ್ಲಿ ಬಾಗುವುದಿಲ್ಲ. ಅದರ ಜಾಗ ಬದಲಾಗುತ್ತದೆ, ದಿಕ್ಕು ತಿರುಗುತ್ತದೆ, ಅಷ್ಟೆ. ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ಇದಕ್ಕೆ ಫಾಲೋ ಪಾತ್ ಎನ್ನುವ ಸೌಲಭ್ಯ ಇದೆ. ಅದರೊಳಗೆ ಫಾಲೋ ಕರ್ವ್ ಎನ್ನುವ ಆಯ್ಕೆಗೆ ಟಿಕ್ ಹಾಕದಿದ್ದರೆ ಬೋಗಿ ದಾರಿಯಲ್ಲೇ ಸಾಗುತ್ತದೆ, ಆದರೆ ಮುಖ ಮೊದಲಿದ್ದ ಕಡೆಗೇ ಇರುತ್ತದೆ. ತಿರುವಿನಲ್ಲಿ ಅಡ್ಡಡ್ಡ ಜಾರಿದ ಹಾಗೆ ಕಾಣುತ್ತದೆ.

ಹಾವಿಗೆ ಇದೇ ಉಪಾಯ ಹೂಡಿದರೆ ಅದು ನೆಟ್ಟಗಿನ ಕೋಲಿನಂತೆ ತಿರುಗುತ್ತದೆ. ಹಾವಿನ ಮೈ ಬಾಗಬೇಕು, ಅದಕ್ಕೆ ಬೇಕಾದದ್ದು ಕರ್ವ್ ಮಾಡಿಫೈಯರ್, ಅಂದರೆ ಮಾದರಿಯ ಆಕಾರವನ್ನೇ ಕರ್ವ್‌ಗೆ ತಕ್ಕಂತೆ ಬಾಗಿಸುವ ಸೌಲಭ್ಯ. ಹಾವಿನ ಮಾದರಿಯನ್ನು ಎಕ್ಸ್ ಅಕ್ಷದ ಉದ್ದಕ್ಕೂ ನೇರವಾಗಿ ಮಲಗಿಸಿ ರಚಿಸಿದ್ದೀರಿ ಅಂದುಕೊಳ್ಳಿ. ಮಾಡಿಫೈಯರ್ ಅದರ ಮೈಯ ಪ್ರತಿ ಬಿಂದುವನ್ನೂ ತೆಗೆದುಕೊಂಡು, ಅದು ಅಕ್ಷದ ಮೇಲೆ ಎಷ್ಟು ದೂರದಲ್ಲಿದೆ ಎಂದು ನೋಡಿ, ಕರ್ವ್ ಮೇಲೆ ಅಷ್ಟೇ ದೂರಕ್ಕೆ ಒಯ್ದು ಕೂರಿಸುತ್ತದೆ. ಅಕ್ಷದಿಂದ ಪಕ್ಕಕ್ಕೆ, ಮೇಲಕ್ಕೆ ಇದ್ದ ಅಂತರ ಮಾತ್ರ ಹಾಗೇ ಉಳಿಯುತ್ತದೆ. ಈಗ ಹಾವನ್ನು ಎಕ್ಸ್ ದಿಕ್ಕಿನಲ್ಲಿ ಸುಮ್ಮನೆ ಮುಂದಕ್ಕೆ ಎಳೆಯಿರಿ. ನೀವು ಎಳೆದದ್ದು ನೇರಕ್ಕೆ, ಅದು ಹೊರಟದ್ದು ಬಳುಕುತ್ತ! ಮೊದಲ ಸಲ ಇದನ್ನು ಕಂಡವರಿಗೆ ಆಗುವ ಖುಷಿ ದೊಡ್ಡದು.

ಬಿಂದುಗಳೇ ಇಲ್ಲದ ಕಡೆ ಬಾಗು ಬರುವುದಿಲ್ಲ. ಉದ್ದಕ್ಕೂ ಸಾಕಷ್ಟು ಕಡೆ ಅಡ್ಡ ಗೆರೆ ಹಾಕಿ ಬಿಂದುಗಳನ್ನು ಕೂಡಿಸಿರದ ಮಾದರಿ ತಿರುವಿನಲ್ಲಿ ಮೂಲೆ ಮೂಲೆಯಾಗಿ ಮುರಿಯುತ್ತದೆ. ಜಾಗವನ್ನು ಎಣಿಸಲು ಆಧಾರವಾಗುವ ಬಿಂದುವನ್ನು ಮೂಲಬಿಂದು ಎನ್ನುತ್ತಾರೆ; ವಸ್ತುವಿನ ಮೂಲಬಿಂದುವೂ ಕರ್ವ್‌ನ ಮೂಲಬಿಂದುವೂ ಒಂದೇ ಜಾಗದಲ್ಲಿರಲಿ; ಇಲ್ಲವಾದರೆ ವಸ್ತು ಎಲ್ಲೋ ದೂರಕ್ಕೆ ಹಾರಿ ಕೂರುತ್ತದೆ. ತಿರುವಿನ ತ್ರಿಜ್ಯ ಹಾವಿನ ಅರ್ಧ ದಪ್ಪಕ್ಕಿಂತ ಕಡಿಮೆಯಾದರೆ ಒಳಬದಿಯ ಚರ್ಮ ತನ್ನೊಳಗೇ ತೂರಿಕೊಳ್ಳುತ್ತದೆ. ಅಲ್ಲಿ ತಿರುವನ್ನು ಸಡಿಲಿಸಬೇಕು.

ಈ ಕರ್ವ್‌ಗಳು ಹುಟ್ಟಿದ್ದು ಕಾರು ಕಾರ್ಖಾನೆಗಳಲ್ಲಿ. ಫ್ರಾನ್ಸಿನ ಸಿಟ್ರೊಎನ್ ಕಂಪನಿಯಲ್ಲಿ ಪಾಲ್ ದ ಕಾಸ್ಟೆಲ್ಜೊ 1959ರಲ್ಲಿ ಇದರ ಲೆಕ್ಕವನ್ನು ಕಂಡುಕೊಂಡರು, ಆದರೆ ಕಂಪನಿ ಅದನ್ನು ಗುಟ್ಟಾಗಿಟ್ಟಿತು. ರೆನೊ ಕಂಪನಿಯ ಪಿಯೆರ್ ಬೆಜಿಯೆ 1960ರ ದಶಕದಲ್ಲಿ ತಮ್ಮ ಕೆಲಸವನ್ನು ಪ್ರಕಟಿಸಿದರು, ಬೆಜಿಯೆ ಕರ್ವ್ ಎಂದು ಹೆಸರು ಅವರದ್ದೇ ಉಳಿಯಿತು. ಕಾಸ್ಟೆಲ್ಜೊ ಅವರನ್ನೂ ನೆನೆಯುವುದು ನ್ಯಾಯ ಅಂತ ನನಗನ್ನಿಸುತ್ತದೆ.

ಇನ್ನು ನಿಜವಾಗಿ ಕಾಡುವ ಸಮಸ್ಯೆಗೆ ಬರೋಣ. ಕರ್ವ್‌ನ ಯಾವುದೇ ಬಿಂದುವಿನಲ್ಲಿ ಮುಂದೆ ಯಾವ ಕಡೆ ಎಂಬುದು ಖಚಿತ. ಆದರೆ ಮೇಲೆ ಯಾವ ಕಡೆ? ಕರ್ವ್ ಅದನ್ನು ಹೇಳುವುದಿಲ್ಲ. ತಿರುವಿನ ಒಳಬದಿಯನ್ನೇ ಆಧಾರವಾಗಿ ಹಿಡಿಯೋಣ ಎಂದರೆ, ಇಂಗ್ಲಿಷಿನ ಎಸ್ ಅಕ್ಷರದಂಥ ದಾರಿಯ ನಡುಮಧ್ಯದಲ್ಲಿ ಒಳಬದಿ ಎಡದಿಂದ ಬಲಕ್ಕೆ ಥಟ್ಟನೆ ಬದಲಾಗುತ್ತದೆ. ಹಾವಿನ ಹೊಟ್ಟೆ ಅಲ್ಲಿ ಏಕಾಏಕಿ ಮಗುಚುತ್ತದೆ. ಅದಕ್ಕಾಗಿ ಹಿಂದಿನ ಬಿಂದುವಿನಲ್ಲಿದ್ದ ಮೇಲ್ದಿಕ್ಕನ್ನೇ ಮುಂದಿನದಕ್ಕೆ ದಾಟಿಸುತ್ತ, ಸಾಧ್ಯವಾದಷ್ಟು ಕಡಿಮೆ ತಿರುಚುವ ಲೆಕ್ಕ ಬಂತು. ಬ್ಲೆಂಡರ್‌ನಲ್ಲಿ ಮಿನಿಮಮ್ ಎನ್ನುವ ಆಯ್ಕೆ ಇದು. ಝಡ್ ಅಪ್ ಎನ್ನುವುದು ಮೇಲ್ದಿಕ್ಕನ್ನು ಆಕಾಶದ ಕಡೆಗೇ ಹಿಡಿದಿಡುತ್ತದೆ. ನೆಲದ ಮೇಲಿನ ರಸ್ತೆಗೆ ಅದು ಒಳ್ಳೆಯದು, ನೆಟ್ಟಗೆ ಮೇಲೇರುವ ದಾರಿಗೆ ಒಗ್ಗದು. ಎರಡೂ ಸಾಲದಾದಾಗ ಟಿಲ್ಟ್ ಬಳಸಿ ಒಂದೊಂದೇ ಬಿಂದುವನ್ನು ಕೈಯಾರೆ ತಿರುಗಿಸಬೇಕು. ಬೇಸರದ ಕೆಲಸ ಹೌದು, ಆದರೆ ನೋಡುವವರ ಕಣ್ಣು ತಿರುಚನ್ನು ಕ್ಷಮಿಸುವುದಿಲ್ಲ.

ಕೊನೆಯದಾಗಿ ವೇಗ. ಬೆಜಿಯೆ ಸೂತ್ರದ ಅಳತೆ ಸೊನ್ನೆಯಿಂದ ಒಂದರವರೆಗೆ ಓಡುತ್ತದೆ. ಅರ್ಧ ಅಂದಾಗ ವಸ್ತು ದಾರಿಯ ಅರ್ಧದಲ್ಲೇ ಇರಬೇಕೆಂದಿಲ್ಲ. ಆ ಅಳತೆಯನ್ನೇ ನಂಬಿದರೆ ವೇಗ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ. ಹಾಗಾಗಿ ಕರ್ವನ್ನು ಸಣ್ಣ ಸಣ್ಣ ತುಂಡುಗಳಾಗಿ ಅಳೆದು, ಉದ್ದದ ಪಟ್ಟಿ ಮಾಡಿಕೊಂಡು, ಅದರ ಮೇಲೆ ವಸ್ತುವನ್ನು ನಡೆಸುತ್ತಾರೆ. ಬ್ಲೆಂಡರ್ ದಾರಿಗೆ ಮೊದಲೇ ಇಟ್ಟಿರುವ ಅವಧಿ 100 ಫ್ರೇಮ್, ಅಂದರೆ 100 ಬಿಡಿ ಚಿತ್ರ. ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ನಾಲ್ಕು ಸೆಕೆಂಡಿಗಿಂತ ತುಸು ಹೆಚ್ಚು. ವೇಗ ಸಮವಾದ ಮೇಲೆ, ಬೇಕಾದಲ್ಲಿ ಅದನ್ನು ಏರಿಳಿಸುವುದು ಕಲಾವಿದರ ಕೈಯಲ್ಲಿದೆ. ರೈಲು ತಿರುವಿಗೆ ಮುಂಚೆ ನಿಧಾನಿಸಿ, ದಾಟಿದ ಮೇಲೆ ವೇಗ ಹಿಡಿಯಬೇಕಾದರೆ ಚಲನೆಯನ್ನು ಸಮಯಕ್ಕೆ ತಕ್ಕ ಗೆರೆಯಾಗಿ ತೋರಿಸುವ ಗ್ರಾಫ್ ಎಡಿಟರ್ ತೆರೆದು ಆ ಗೆರೆಯನ್ನು ಬಗ್ಗಿಸಿ. ದಾರಿಯನ್ನು ಮುಟ್ಟಬೇಡಿ.

ನಮಸ್ಕಾರ.