ಕಿಟಕಿಯ ತಟ್ಟೆಯ 38 ಕಾಳು

ಕೇಳುಗರಿಗೆ ನಮಸ್ಕಾರ.

ಮುಂಗಾರು ಬಿತ್ತನೆಗೆ ಮೊದಲು ನಮ್ಮ ಧಾರವಾಡ, ಹಾವೇರಿ ಸೀಮೆಯ ಅನೇಕ ರೈತರು ಸೋಯಾಬೀನ್ ಬೀಜದ ಮೊಳಕೆ ಪರೀಕ್ಷಿಸುತ್ತಾರೆ. ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆದು ಬೆರೆಸಿ, ಅದರಲ್ಲಿ 100 ಕಾಳು ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡುತ್ತಾರೆ. 70ಕ್ಕಿಂತ ಕಡಿಮೆ ಮೊಳೆತರೆ ಆ ಬೀಜವನ್ನು ನಂಬುವುದಿಲ್ಲ. ಗಟ್ಟಿ ಕಾಳನ್ನೇ ಆರಿಸಿಟ್ಟರೆ ಮೋಸ ಹೋಗುವವರು ತಾವೇ ಎಂದು ಅವರಿಗೆ ಗೊತ್ತು. ಮಾದರಿ ತೆಗೆಯುವ ಪಾಠವನ್ನು ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಪಿಯುಸಿ ಮೊದಲ ವರ್ಷದ ಜೀವಶಾಸ್ತ್ರವನ್ನು ಹೆಸರುಕಾಳಿನಿಂದಲೇ ಆರಂಭಿಸುತ್ತೇನೆ. ಮೊಳಕೆಗೆ ಬೆಳಕು ಬೇಕೇ? ಬೇಕು ಎನ್ನುತ್ತಾರೆ ಹೆಚ್ಚಿನ ಮಕ್ಕಳು. ಅದು ಊಹೆ. ಊಹೆ ತಪ್ಪಾದರೂ ಚಿಂತೆಯಿಲ್ಲ, ಪರೀಕ್ಷೆಗೆ ಒಳಪಡುವಂತಿರಬೇಕು. ಎರಡು ತಟ್ಟೆ, ಒಂದೊಂದರಲ್ಲಿ ಒದ್ದೆ ಅರಿವೆಯ ಮೇಲೆ 50 ಕಾಳು. ಒಂದು ಕಿಟಕಿಯ ಬಳಿ, ಇನ್ನೊಂದು ಕಪಾಟಿನೊಳಗೆ. ಬೆಳಕೊಂದನ್ನು ಬಿಟ್ಟು ಉಳಿದದ್ದೆಲ್ಲ ಸಮನಾಗಿರಬೇಕು. ‘ಮೊಳೆತಿದೆ’ ಎಂದರೇನು ಎಂಬುದನ್ನೂ ಎಣಿಕೆಗೆ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಬೇರು ಎರಡು ಮಿಲಿಮೀಟರ್ ಹೊರಬಂದರೆ ಮಾತ್ರ ನಾವು ಲೆಕ್ಕಕ್ಕೆ ಹಿಡಿಯುತ್ತೇವೆ. ಇಲ್ಲವಾದರೆ ಸಿಪ್ಪೆ ಬಿರಿದದ್ದನ್ನು ಒಬ್ಬರು ಎಣಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ.

ಒಂದು ವರ್ಷ ಹುಡುಗಿಯೊಬ್ಬಳ ಪುಸ್ತಕದಲ್ಲಿ ಕಪಾಟಿನ ತಟ್ಟೆಗೆ 47, ಕಿಟಕಿಯ ತಟ್ಟೆಗೂ 47 ಎಂದಿತ್ತು. ಎರಡನೆಯ ಅಂಕಿಯಿದ್ದ ಕಡೆ ಕಾಗದ ಉಜ್ಜಿ ಉಜ್ಜಿ ತೆಳುವಾಗಿತ್ತು. ಬೆಳಕಿಗೆ ಹಿಡಿದಾಗ 38 ಕಾಣಿಸಿತು.

‘ಉಳಿದವರಿಗೆಲ್ಲ ಸಮ ಬಂದಿದೆ ಸರ್, ನನ್ನ ಎಣಿಕೆಯೇ ತಪ್ಪಿರಬೇಕು’ ಎಂದಳು. ನನಗೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಸರಿಯುತ್ತರಕ್ಕೆ ಮಾತ್ರ ಅಂಕ ಕೊಟ್ಟು ಕೊಟ್ಟು, ಆ ರಬ್ಬರನ್ನು ಅವಳ ಕೈಗೆ ಇಟ್ಟವರು ನಾವೇ.

ಇಬ್ಬರೂ ತಟ್ಟೆಯ ಮುಂದೆ ಕುಳಿತೆವು. ಮೊಳೆಯದ ಕಾಳುಗಳೆಲ್ಲ ಒಂದೇ ಅಂಚಿನಲ್ಲಿದ್ದವು. ಮಧ್ಯಾಹ್ನದ ಬಿಸಿಲು ಬೀಳುವ ಅಂಚು ಅದು. ಅಲ್ಲಿ ಅರಿವೆ ಒಣಗಿ ಗರಿಗರಿಯಾಗಿತ್ತು. ಕಡಿಮೆ ಬಿದ್ದದ್ದು ನೀರು! 47 ಎಂಬುದನ್ನು ಒಪ್ಪಿ ಸಹಿ ಹಾಕಿದ್ದರೆ ಆ ಅಂಚನ್ನು ನಾವು ನೋಡುತ್ತಲೇ ಇರಲಿಲ್ಲ.

ಮರುವಾರ ಕಿಟಕಿಯ ತಟ್ಟೆಯನ್ನು ನೇರ ಬಿಸಿಲಿನಿಂದ ಈಚೆಗೆ ಸರಿಸಿ, ಎರಡಕ್ಕೂ ಬೆಳಿಗ್ಗೆ ಸಂಜೆ ಅಳೆದು ನೀರು ಹಾಕಿದಳು. ಬಂದದ್ದು 46 ಮತ್ತು 47. ಒಂದು ಕಾಳಿನ ವ್ಯತ್ಯಾಸಕ್ಕೆ ಅರ್ಥ ಹಚ್ಚುವ ಮುನ್ನ ಮತ್ತೆ ಮಾಡಿ ನೋಡಬೇಕೆಂದು ನಾನು ಹೇಳಬೇಕಾಗಲಿಲ್ಲ. ಮೂರನೆಯ ಸಲಕ್ಕೆ ಕಾಳು ಎಣಿಸಿ ಸಿದ್ಧವಾಗಿಟ್ಟಿದ್ದಳು. ಹಳೆಯ ಪುಟದಲ್ಲಿ 47ರ ಮೇಲೆ, ಓದಲು ಬರುವಂತೆ, ಒಂದೇ ಗೆರೆ ಎಳೆದಿದ್ದಳು. ಪಕ್ಕದಲ್ಲಿ ಶಾಯಿಯಲ್ಲಿ ಬರೆದಿದ್ದಳು: ‘38. ಬಿಸಿಲಿನ ಅಂಚಿನಲ್ಲಿ ಅರಿವೆ ಒಣಗಿತ್ತು.’