ಮುತ್ತಜ್ಜನ ಬಂಗಲೆ ನೋಡಿ ಬಂದರೆ ಆಯ್ತಾ?

ಅಮೆರಿಕದಲ್ಲಿ ಕೆಲವರು ತಮ್ಮ ಮುತ್ತಜ್ಜನ ಕಾಲದ ಎಸ್ಟೇಟ್ ಬಂಗಲೆ ಹುಡುಕಿಕೊಂಡು ಹೋಗುತ್ತಾರೆ. ಮುಂದೆ ದಪ್ಪ ಬಿಳಿ ಕಂಬಗಳು, ಹಿತ್ತಲಲ್ಲಿ ಗುಲಾಮರಿದ್ದ ಗುಡಿಸಲು. ಅಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಾರೆ, ನಾಲ್ಕು ಫೋಟೋ ತೆಗೆಯುತ್ತಾರೆ, ‘ನಮ್ಮ ಮನೆತನದಿಂದ ತಪ್ಪಾಯ್ತು’ ಅನ್ನುತ್ತಾರೆ. ಆ ಕಣ್ಣೀರು ಸುಳ್ಳು ಅಂತ ನಾನು ಹೇಳುವುದಿಲ್ಲ. ನಾನು ಕೇಳುವುದು ಇಷ್ಟೇ: ಮನೆಯಲ್ಲಿದ್ದ ಹಳೇ ಕಾಗದಪತ್ರ ಎಲ್ಲಿ?

1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗೆ ಬೇರೆಯೇ ಪಟ್ಟಿ ಇತ್ತು. ಒಡೆಯನ ಹೆಸರು ಇರುತ್ತದೆ. ಅದರ ಕೆಳಗೆ ‘32, ಹೆಣ್ಣು, ಕಪ್ಪು. 4, ಗಂಡು, ಕಪ್ಪು’ ಅನ್ನೋ ಥರದ ಸಾಲುಗಳು. ಹೆಸರು ಬಹುತೇಕ ಎಲ್ಲೂ ಇಲ್ಲ. ಆ ನಾಲ್ಕು ವರ್ಷದ ಹುಡುಗ ಆ ಹೆಂಗಸಿನ ಮಗನೋ ಅಲ್ಲವೋ, ಅದೂ ತಿಳಿಯುವುದಿಲ್ಲ. 1865ರಲ್ಲಿ ಗುಲಾಮಗಿರಿ ರದ್ದಾಯಿತು. ಅವರಲ್ಲಿ ಹೆಚ್ಚಿನವರ ಹೆಸರು ಗಣತಿಯಲ್ಲಿ ಮೊದಲು ಬಂದದ್ದು 1870ರಲ್ಲಿ. ವಂಶ ಹುಡುಕುವ ಕಪ್ಪು ಜನ ಅಲ್ಲಿಗೆ ಬಂದು ಸಿಕ್ಕಿಹಾಕಿಕೊಳ್ಳುತ್ತಾರೆ. ‘1870ರ ಗೋಡೆ’ ಅಂತಲೇ ಕರೆಯುತ್ತಾರೆ ಅದನ್ನ.

ಹಿಂದಿನ ಹೆಸರುಗಳು ಸಿಗುವುದು ಜಾಸ್ತಿ ಒಡೆಯರ ಕಾಗದದಲ್ಲೇ. ಉಯಿಲು, ಅಡಮಾನ ಪತ್ರ, ಲೆಕ್ಕದ ಪುಸ್ತಕ. ಅಮೆರಿಕದ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರ ಒಡೆಯನಾಗಿದ್ದ. ಯಾರಿಗೆ ಕಂಬಳಿ ಕೊಟ್ಟದ್ದು, ಯಾರ ಮಗು ಯಾವಾಗ ಹುಟ್ಟಿದ್ದು, ಎಲ್ಲ ಬರೆದಿಟ್ಟ. ಪ್ರೀತಿಗೇನಲ್ಲ, ಆಸ್ತಿಯ ಲೆಕ್ಕ. ಸಾಲ ಬಿಟ್ಟು 1826ರಲ್ಲಿ ಸತ್ತ. ಮುಂದಿನ ಜನವರಿಯಲ್ಲಿ ಅವನ ಮಾಂಟಿಸೆಲ್ಲೊ ಎಸ್ಟೇಟಿನಲ್ಲಿ 130 ಜನರನ್ನು ಹರಾಜಿಗಿಟ್ಟರು. ಹಾಗೆ ಚದುರಿಹೋದವರ ಸಂತತಿಯನ್ನು ಹುಡುಕುವ ಕೆಲಸ ಅಲ್ಲಿ ಶುರುವಾದದ್ದು 1993ರಲ್ಲಿ. ದಾಖಲೆಗೂ ಮನೆಮನೆಯ ನೆನಪಿಗೂ ತಾಳೆ ಹಾಕಿ ಎಷ್ಟೋ ಕೊಂಡಿ ಸೇರಿಸಿದರು.

‘ಅವರ ಹೆಸರು ಯಾರಿಗೆ ಗೊತ್ತಿತ್ತು?’ ಅನ್ನಬೇಡಿ. 1862ರಲ್ಲಿ ವಾಷಿಂಗ್ಟನ್ ನಗರದಲ್ಲಿ ಗುಲಾಮರ ಬಿಡುಗಡೆಯಾದಾಗ ಸರ್ಕಾರ ಪರಿಹಾರ ಕೊಟ್ಟಿತು. ಯಾರಿಗೆ? ಒಡೆಯರಿಗೆ! ತಲೆಗೆ 300 ಡಾಲರ್ ತನಕ. ದುಡ್ಡು ಬರುತ್ತೆ ಅಂದಾಗ ಒಬ್ಬೊಬ್ಬರ ಹೆಸರು, ವಯಸ್ಸು ಬರೆದು ಅರ್ಜಿ ಹಾಕಿದರು, ನೋಡಿ.

‘ಮುತ್ತಜ್ಜ ಮಾಡಿದ್ದಕ್ಕೆ ನಾನೇಕೆ ಹೊಣೆ?’ ಅಂತ ಕೇಳುವವರಿದ್ದಾರೆ. ಸರಿ, ತಪ್ಪು ನಿಮ್ಮದಲ್ಲ. ಆದರೆ ಅಟ್ಟದ ಮೇಲಿನ ಪೆಟ್ಟಿಗೆ ಈಗ ನಿಮ್ಮದೇ ಅಲ್ವಾ? ಅದನ್ನು ಇಳಿಸಿ. ಒಂದೊಂದೇ ಪುಟ ಸ್ಕ್ಯಾನ್ ಮಾಡಿಸಿ ರಾಜ್ಯದ ಪತ್ರಾಗಾರಕ್ಕೆ ಕೊಡಿ. ಮನೆತನದ ಮರ್ಯಾದೆ ಹೋಗುತ್ತೆ ಅಂತ ನಡುವಿನ ಹಾಳೆ ಎತ್ತಿಡಬೇಡಿ.